ಹೊಳೆ ದಾಟಿದ ಮಗ

ಹೇಳುವುದಾದರೆ ಮೊದಲು ಯಾರಿಗೆ ಹೇಳಬೇಕು? ಅಮ್ಮನಿಗೋ, ಬಸ್ಸಿನಲ್ಲಿ ಬರುತ್ತಿರುವ ಆ ಹೆಂಗಸಿಗೋ? ಅಮ್ಮನಿಗೆ ಹೇಳಿದರೆ ಅವಳ ಮಗ ಎರಡನೆಯ ಸಲ ಸಾಯುತ್ತಾನೆ. ಸತ್ತರಾದರೂ ಆದೀತು, ಮತ್ತೆ ಕಾಣೆಯಾಗುತ್ತಾನೆ. ಆ ಹೆಂಗಸಿಗೆ ಹೇಳಿದರೆ ಅವಳು ಕೇಳುವ ಮಾತು ಒಂದೇ: ಇಷ್ಟು ವರ್ಷ ಏನು ಮಾಡುತ್ತಿದ್ದೆ? ಆ ಪ್ರಶ್ನೆಗೆ ತನ್ನಲ್ಲಿ ಉತ್ತರವಿದೆಯೇ ಎಂದು ಒಸ್ತೋಯಾ ಬೆಳಗಿನಿಂದ ಬಾವಿಕಟ್ಟೆಯ ಮೇಲೆ ಕೂತು ಹುಡುಕುತ್ತಿದ್ದ. ಉತ್ತರ ಇತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಮನುಷ್ಯ ಮುಖವನ್ನು ಎಲ್ಲಿಟ್ಟುಕೊಳ್ಳಬೇಕು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಬಾವಿ ಆ ಹೆಂಗಸಿನದು. ಬಾವಿಯ ಹಿಂದಿನ ಮನೆ, ಕೊಟ್ಟಿಗೆ, ದಾಳಿಂಬೆ ಬಣ್ಣಕ್ಕೆ ತಿರುಗಿ ಸೂರಿನಡಿ ತೂಗುತ್ತಿದ್ದ ಮೆಣಸಿನಕಾಯಿ ಸರಗಳ ಮೊಳೆಗಳು ಕೂಡ ಅವಳವೇ. ಮೆಣಸಿನಕಾಯಿ ಮಾತ್ರ ಅಮ್ಮ ಬೆಳೆದದ್ದು. ಯುದ್ಧ ಶುರುವಾದ ತೊಂಬತ್ತೊಂದರ ಶರತ್ಕಾಲದಲ್ಲಿ ಸೆರ್ಬಿಯನ್ ಪಡೆಯವರು ಈ ಊರಿನ, ತೊಪೊಲಿಕ್‌ನ, ಕ್ರೊಯೇಷಿಯನ್ನರನ್ನು ಟ್ರಕ್ಕುಗಳಲ್ಲಿ ತುಂಬಿ ಕಳಿಸಿದ್ದರು. ಅದೇ ತಿಂಗಳು ಇನ್ನೂರು ಕಿಲೋಮೀಟರ್ ಪಶ್ಚಿಮದ ಗ್ರಬೊವಾ ಬೆಟ್ಟದಿಂದ ಸೆರ್ಬಿಯನ್ನರು, ಅಂದರೆ ಒಸ್ತೋಯಾ ಮತ್ತು ಅವನ ತಾಯಿ ಸ್ಮಿಲ್ಯಾಳಂಥವರು, ಟ್ರ್ಯಾಕ್ಟರುಗಳ ಮೇಲೆ ಓಡಿ ಬಂದಿದ್ದರು. ಖಾಲಿಯಾದ ಮನೆಗಳಿಗೆ ಮನೆ ಕಳೆದುಕೊಂಡವರು. ಊರಿನ ಸಮಿತಿಯವರು ಕೈಗೊಂದು ಚೀಟಿ ಕೊಟ್ಟು, "ಹದಿನೇಳನೇ ನಂಬರು, ಒಲೆ ಚೆನ್ನಾಗಿದೆ" ಎಂದಿದ್ದರು. ಒಲೆಯ ಮೇಲೆ ಇನ್ನೂ ಪಾತ್ರೆ ಇತ್ತು.

ಈಗ ಕಾಲ ತಿರುಗಿತ್ತು. ವಿಶ್ವಸಂಸ್ಥೆಯ ನೀಲಿ ಟೋಪಿಯ ಸೈನಿಕರು ಬಂದು ಎರಡು ವರ್ಷವಾಗುತ್ತ ಬಂದಿತ್ತು. ಬಂದೂಕುಗಳನ್ನು ಗುಡ್ಡೆ ಹಾಕಿಸಿ ಸಾಗಿಸಿದ್ದರು. ಬರುವ ಜನವರಿಗೆ ಈ ಸೀಮೆಯೆಲ್ಲ ಮತ್ತೆ ಕ್ರೊಯೇಷಿಯಾಕ್ಕೆ ಸೇರುತ್ತದೆ, ಒಂದು ಗುಂಡೂ ಹಾರುವುದಿಲ್ಲ ಎಂದು ರೇಡಿಯೊದಲ್ಲಿ ದಿನವೂ ಹೇಳುತ್ತಿದ್ದರು. ಇರುವವರು ಇರಬಹುದು, ಹೋಗುವವರು ಹೋಗಬಹುದು. ಅಮ್ಮ ಹೋಗೋಣ ಎಂದಿದ್ದಳು. ಊರಿನ ಪಕ್ಕದ ಡ್ಯಾನ್ಯೂಬ್ ಹೊಳೆಯ ಆಚೆ, ಸೆರ್ಬಿಯಾದಲ್ಲಿ, ಅವಳ ತಂಗಿಯ ಮನೆ ಇತ್ತು. ಸೋಮವಾರ ಹೊರಡುವುದೆಂದು ಗೊತ್ತಾಗಿತ್ತು. ಹೊರಡುವ ಮೊದಲು ವೋಯಿನ್‌ನನ್ನು ಅಗೆದು ತೆಗೆದು ಜೊತೆಗೆ ಒಯ್ಯುವುದೆಂದೂ.

ವೋಯಿನ್ ಒಸ್ತೋಯಾನ ತಮ್ಮ. ಸೇನೆಯವರು ಕಡ್ಡಾಯವಾಗಿ ಎಳೆದುಕೊಂಡು ಹೋದವನು, ಇದೇ ದಂಡೆಯಿಂದ ಒಂದು ಕಾಗದ ಬರೆದು, ತೊಂಬತ್ತೊಂದರ ನವೆಂಬರಿನಲ್ಲಿ ಕಾಣೆಯಾದ. ಚಳಿಗಾಲವೆಲ್ಲ ಅಮ್ಮ ಊಟ ಬಿಟ್ಟಳು. ತಟ್ಟೆ ಮುಂದಿಟ್ಟರೆ, "ಅವನು ತಿಂದನೋ ಇಲ್ವೋ" ಎಂದು ತಟ್ಟೆ ತಳ್ಳುವಳು. ವಸಂತದಲ್ಲಿ ಅವಳನ್ನು ಎತ್ತಿ ಕೂರಿಸಬೇಕಾಗಿತ್ತು, ಮಗುವಿನಷ್ಟು ಹಗುರವಾಗಿದ್ದಳು.

ಆ ಏಪ್ರಿಲಿನಲ್ಲಿ ಹೊಳೆಯ ನೀರು ಇಳಿದಾಗ, ಸೌದೆಗೆಂದು ಹೋದ ಒಸ್ತೋಯಾನಿಗೆ ವಿಲೋ ಮರಗಳ ಬೇರಿನಲ್ಲಿ ಒಂದು ಹೆಣ ಸಿಕ್ಕಿತು. ಮುಖ ಉಳಿದಿರಲಿಲ್ಲ. ಬಟ್ಟೆ ಕೆಸರೇ ಆಗಿತ್ತು. ಎತ್ತರ ಸರಿಯಾಗಿತ್ತು. ಕೈಗಳಿಗೆ ಉಣ್ಣೆಯ ಕೈಗವಸು ಇತ್ತು, ಬೂದು ಬಣ್ಣದ್ದು, ಹೆಬ್ಬೆರಳು ಮಾತ್ರ ಕೆಂಪು. ಎಡಗೈಯದನ್ನು ಅವನು ಬಿಚ್ಚಿ ನೋಡಿದ. ವೋಯಿನ್‌ನ ಎಡಗೈಯ ಎರಡು ಬೆರಳನ್ನು ಗ್ರಬೊವಾದ ಗರಗಸದ ಮಿಲ್ಲು ಹದಿನಾರನೇ ವಯಸ್ಸಿಗೇ ತಿಂದಿತ್ತು. ಈ ಕೈಯಲ್ಲಿ ಐದೂ ಇದ್ದವು.

ಅವನು ಗವಸನ್ನು ಮತ್ತೆ ತೊಡಿಸಿದ. ಮನೆಗೆ ಬಂದು, "ಅಮ್ಮ, ವೋಯಿನ್ ಸಿಕ್ಕ" ಎಂದ.

ಬಡಗಿಯಾದವನಿಗೆ ಪೆಟ್ಟಿಗೆ ಮಾಡುವುದು ಎಷ್ಟು ಹೊತ್ತು? ಅಟ್ಟದ ಮೇಲೆ ಒಳ್ಳೆಯ ಓಕ್ ಹಲಗೆ ಇತ್ತು. ಹೆಣವನ್ನು ಕೊಟ್ಟಿಗೆಗೆ ತಂದು ಪೆಟ್ಟಿಗೆಯಲ್ಲಿಟ್ಟ; ಅಮ್ಮ ಅಂಗಳ ದಾಟಿ ಒಳಗೆ ಬರುವಷ್ಟರಲ್ಲಿ ಮುಚ್ಚಳಕ್ಕೆ ಮೊಳೆ ಬಿದ್ದಿತ್ತು. ಪಾದ್ರಿ ಬಂದ, ಧೂಪ ಹಾಕಿದ, ಅಮ್ಮ ಅತ್ತಳು, ಅತ್ತು ಮುಗಿಸಿ ಗೋಧಿ ಬೇಯಿಸಿ ಅಕ್ರೋಟು ಸಕ್ಕರೆ ಬೆರೆಸಿ ಸತ್ತವನ ಹೆಸರಲ್ಲಿ ಎಲ್ಲರಿಗೂ ಹಂಚಿದಳು, ಕೊನೆಗೆ ತಾನೂ ಒಂದು ಚಮಚ ತಿಂದಳು. ಆರು ತಿಂಗಳಲ್ಲಿ ಅವಳು ತಾನಾಗಿ ತಿಂದ ಮೊದಲ ತುತ್ತು. ಆ ಚಮಚವನ್ನು ನೋಡುತ್ತ ಒಸ್ತೋಯಾ, ಸತ್ತವನು ಯಾರಾದರೇನು, ಬದುಕಿರುವವಳನ್ನು ಉಳಿಸಿದ ಎಂದುಕೊಂಡ.

ವಾರದ ಮೇಲೆ ಹಾಸಿಗೆ ಹುಡುಕಲು ಮನೆಯ ಹಳೆಯ ಪೆಟಾರಿ ತೆಗೆದಾಗ ತಳದಲ್ಲಿ ಇನ್ನೊಂದು ಜೊತೆ ಕೈಗವಸು ಸಿಕ್ಕಿತು. ಬೂದು ಬಣ್ಣ. ಕೆಂಪು ಹೆಬ್ಬೆರಳು. ಪೆಟಾರಿಯ ಮೇಲಿನ ಗೋಡೆಯಲ್ಲಿ ಆ ಮನೆಯ ಹುಡುಗನ ಫೋಟೊ ಇತ್ತು, ಇಪ್ಪತ್ತೈದರವನು, ಫುಟ್‌ಬಾಲ್ ಅಂಗಿಯಲ್ಲಿ ನಗುತ್ತಿದ್ದ. ಒಸ್ತೋಯಾ ನೆಲದ ಮೇಲೆ ಕೂತ. ಅಡುಗೆಮನೆಯಲ್ಲಿ ಅಮ್ಮ ಸೂಪು ಕಲಕುತ್ತಿದ್ದಳು. ಚಮಚ ಪಾತ್ರೆಗೆ ತಾಗುವ ಸದ್ದು ಕೇಳುತ್ತಿತ್ತು.

ಆಗ ಹೇಳಬಹುದಿತ್ತು. ಆದರೆ ಆಗ ಕೇಳಲು ಆ ಹುಡುಗನ ಕಡೆಯವರು ಯಾರೂ ಇರಲಿಲ್ಲ. ಈಗ ಇದ್ದಳು.

*

ಬಸ್ಸು ಹತ್ತು ಗಂಟೆಗೆ ಬಂತು, ಹಿಂದೆ ಮುಂದೆ ಬಿಳಿ ಜೀಪು. ನವೆಂಬರ್ ಒಂದು, ಶನಿವಾರ. ಕ್ಯಾಥೊಲಿಕರಿಗೆ, ಅಂದರೆ ಕ್ರೊಯೇಷಿಯನ್ನರಿಗೆ, ಸತ್ತವರನ್ನು ನೆನೆಯುವ ದಿನ. ಆ ವರ್ಷ ಆರ್ಥೊಡಾಕ್ಸರಾದ ಸೆರ್ಬಿಯನ್ನರ ಪಿತೃಗಳ ಶನಿವಾರವೂ ಅದೇ ದಿನ ಬಿದ್ದಿತ್ತು. ಅದಕ್ಕೇ ನೀಲಿ ಟೋಪಿಯವರು ಕಂಗಾಲಾಗಿದ್ದರು. ಎರಡೂ ಸ್ಮಶಾನಗಳ ನಡುವೆ ಒಂದು ಬೇಲಿ ಬಿಟ್ಟರೆ ಬೇರೇನೂ ಇರಲಿಲ್ಲ.

ಮನೆಯ ಒಡತಿ ಮಾಂದಾ ಕೈಯಲ್ಲಿ ಸೇವಂತಿಗೆಯ ಕುಂಡ ಹಿಡಿದು ಬಸ್ಸಿಳಿದಳು. ಅರವತ್ತು ದಾಟಿದವಳು, ಗುಂಡು ಮುಖ, ಕರಿಯ ತಲೆವಸ್ತ್ರ. ಇದು ಅವಳ ಮೂರನೆಯ ಭೇಟಿ. ಬೇಸಿಗೆಯಲ್ಲಿ ಮೊದಲ ಸಲ ಬಂದಾಗ ಗೇಟಿನ ಹೊರಗೇ ನಿಂತು, ಸೈನಿಕನ ತೋಳು ಹಿಡಿದು, ತನ್ನದೇ ಮನೆಯನ್ನು ಅರ್ಧ ಗಂಟೆ ನೋಡಿ ಹೋಗಿದ್ದಳು. ಎರಡನೆಯ ಸಲ ಅಮ್ಮನೇ ಹೊರಗೆ ಹೋಗಿ, "ಒಳಗೆ ಬನ್ನಿ, ಕಾಫಿ ಆರಿಹೋಗುತ್ತೆ" ಎಂದಿದ್ದಳು.

ಇಂದು ಅವಳು ನೇರ ಅಡುಗೆಮನೆಗೆ ಬಂದಳು. ಜೊತೆಗೆ ಬಂದ, ಊರಿನ ಕಾವಲಿಗಿದ್ದ ಜೋರ್ಡಾನಿನ ಸೈನಿಕ ಬಾಗಿಲಲ್ಲೇ ನಿಂತ. ಅಮ್ಮ ಅವನ ಮುಂದೆ ಹಂದಿಯ ಸಾಸೇಜಿನ ತಟ್ಟೆ ಹಿಡಿದಳು. ಅವನು ಎದೆಗೆ ಕೈಯಿಟ್ಟು ತಲೆಯಲ್ಲಾಡಿಸಿದ.

"ಪಾಪ, ವರ್ಷದಿಂದ ಕೊಡ್ತಿದೀನಿ, ವರ್ಷದಿಂದ ಎದೆ ಮುಟ್ಕೋತಾನೆ. ಇವರಮ್ಮನಿಗೆ ಗೊತ್ತಾ ಹುಡುಗನಿಗೆ ಎದೆನೋವು ಅಂತ?" ಎಂದಳು ಅಮ್ಮ.

"ಅವರು ಹಂದಿ ಮುಟ್ಟಲ್ಲ ಕಣ್ರೀ," ಎಂದಳು ಮಾಂದಾ.

"ಗೊತ್ತು ಬಿಡಿ. ಕೊಡದೆ ಇರೋದು ಹೇಗೆ, ಬಾಗಿಲಲ್ಲಿ ನಿಂತಿದಾನೆ."

ಮಾಂದಾ ನಗುತ್ತ ಸುತ್ತ ನೋಡಿದಳು. ನಗು ಅರ್ಧಕ್ಕೆ ನಿಂತಿತು. "ಬೀರು ಯಾಕೆ ಈ ಕಡೆಗೆ ತಂದ್ರಿ?"

"ಆ ಕಿಟಕಿಯಿಂದ ಗಾಳಿ ನುಗ್ತಿತ್ತು."

"ಮೂವತ್ತು ವರ್ಷ ನನಗೆ ನುಗ್ಗದ ಗಾಳಿ ನಿಮಗೆ ನುಗ್ತಾ?"

"ನಾವು ಬೆಟ್ಟದೋರು. ಗಾಳಿ ನಮ್ಮನ್ನ ಗುರುತು ಹಿಡಿಯುತ್ತೆ," ಎಂದಳು ಅಮ್ಮ. "ಒಸ್ತೋಯಾ, ಬೀರು ಅದರ ಜಾಗಕ್ಕೆ ತಳ್ಳು. ಅವರ ಮನೆ ಅವರಿಗೆ ಹೇಗಿತ್ತೋ ಹಾಗೆ ಕೊಡಬೇಕು."

"ಬೇಡ ಮಗಾ, ಇರಲಿ," ಎಂದಳು ಮಾಂದಾ. ಇಲ್ಲಿನ ಮುದುಕಿಯರು ಕಂಡ ಗಂಡುಮಕ್ಕಳನ್ನೆಲ್ಲ ಮಗಾ ಎಂದೇ ಕರೆಯುತ್ತಾರೆ. ಒಸ್ತೋಯಾನಿಗೆ ಅದು ಗೊತ್ತಿಲ್ಲದ್ದಲ್ಲ. ಆದರೂ ಅವಳ ಬಾಯಲ್ಲಿ ಆ ಮಾತು ಬಂದಾಗಲೆಲ್ಲ ಅವನ ಬೆನ್ನಿನ ಮೇಲೆ ಯಾರೋ ಒದ್ದೆ ಕೈ ಇಟ್ಟಂತಾಗುತ್ತಿತ್ತು.

ಕಾಫಿ ಕುಡಿದು ಮಾಂದಾ ಮೇಲೆ ಅಟ್ಟದ ಕಡೆ ಕಣ್ಣು ಹಾಯಿಸಿದಳು. "ಒಂದು ಕೇಳ್ಬೇಕಿತ್ತು. ಕೇಳೋಕೆ ನಾಚಿಕೆ. ಅಟ್ಟದ ಮೇಲೆ ಹಲಗೆ ಇದ್ವಲ್ಲ, ಓಕ್‌ದು, ಆರು. ಇವೆಯಾ?"

ಅಮ್ಮ ಒಸ್ತೋಯಾನ ಮುಖ ನೋಡಿದಳು. ಅವನು ನೆಲ ನೋಡಿದ.

"ನಮ್ಮ ಯಜಮಾನರು, ಶೀಮೊ, ತಮಗೆ ಅಂತ ಒಣಗಿಸಿಟ್ಟುಕೊಂಡಿದ್ರು," ಎಂದಳು ಮಾಂದಾ. ಈ ದಂಡೆಯಲ್ಲಿ ಐವತ್ತು ದಾಟಿದ ಗಂಡಸರೆಲ್ಲ ಹಾಗೆ ಮಾಡುತ್ತಾರೆ. ತಮ್ಮ ಪೆಟ್ಟಿಗೆಯ ಮರವನ್ನು ತಾವೇ ಆರಿಸಿ ಒಣಗಲು ಇಡುತ್ತಾರೆ, ವರ್ಷಕ್ಕೊಮ್ಮೆ ಹತ್ತಿ ಹೋಗಿ ತಿರುಗಿಸಿ ಬರುತ್ತಾರೆ. "ಸತ್ತಿದ್ದು ಓಸಿಯೆಕ್‌ನಲ್ಲಿ, ನಿರಾಶ್ರಿತರನ್ನ ಹಾಕಿದ್ದ ಹೋಟೆಲ್ ಕೋಣೇಲಿ. ಪೈನ್ ಪೆಟ್ಟಿಗೆ ಕೊಟ್ರು. ತರಕಾರಿ ತುಂಬೋ ಥರದ್ದು. ಸಾಯೋ ಹಿಂದಿನ ದಿನವೂ, 'ಮಾಂದಾ, ಹಲಗೆ ತಿರುಗಿಸಿದ್ಯಾ' ಅಂದ್ರು. ಈಗ ನನಗಾದ್ರೂ ಆಗುತ್ತೆ ಅಂತ ಕೇಳ್ದೆ."

"ಇಲ್ಲ ಚಿಕ್ಕಮ್ಮ," ಎಂದ ಒಸ್ತೋಯಾ. "ನಮ್ಮ ತಮ್ಮನಿಗೆ ಮಾಡಿದೆ. ಯಾರದು, ಯಾತಕ್ಕೆ ಇಟ್ಟಿದ್ದು ಅಂತ ಗೊತ್ತಿರಲಿಲ್ಲ."

ಬಾಗಿಲಲ್ಲಿದ್ದ ಸೈನಿಕ ಕಾಲು ಬದಲಿಸಿದ. ಮಾಂದಾ ಬಟ್ಟಲನ್ನು ತಟ್ಟೆಯ ಮೇಲೆ ಮಗುಚಿಟ್ಟಳು.

"ಬೇಲಿಗೆ ಹಾಕಿದ್ರೆ ಬೇಜಾರಾಗ್ತಿತ್ತು," ಎಂದಳು. "ಹಂದಿ ಗೂಡಿಗೆ ಹಾಕಿದ್ರೂ ಬೇಜಾರೇ. ಯಾವುದಕ್ಕೆ ಅಂತ ಇತ್ತೋ ಅದಕ್ಕೇ ಹೋಗಿದೆ. ಬಿಡು ಮಗಾ. ಯಾರ ಮಗನಾದ್ರೂ ಮಗನೇ ತಾನೇ."

ಅಮ್ಮ ಕಣ್ಣೊರೆಸಿಕೊಂಡು ಎದ್ದು ಅವಳ ಬಟ್ಟಲಿಗೆ ಮತ್ತೆ ಕಾಫಿ ಬಗ್ಗಿಸಿದಳು, ಮಗುಚಿಟ್ಟಿದ್ದನ್ನು ತಾನೇ ನೆಟ್ಟಗೆ ಮಾಡಿ. ಒಸ್ತೋಯಾ ಎದ್ದು ಹೊರಗೆ ಹೋದ. ಕೊಟ್ಟಿಗೆಯ ಹಿಂದೆ ಗೋಡೆಗೆ ಹಣೆ ಒತ್ತಿ ನಿಂತ. ಅಪ್ಪ ಆರಿಸಿ ಒಣಗಿಸಿದ ಮರದಲ್ಲಿ ಮಗ ಮಲಗಿದ್ದಾನೆ. ಹೇಳಿಬಿಡಬೇಕು ಎಂದು ತಿರುಗಿದ. ಒಳಗಿನಿಂದ ಅಮ್ಮನ ಮಾತು ಕೇಳಿಸಿತು. "ನೀವು ಅಂದದ್ದು ಸಾಕು, ಇನ್ನು ನೀನು ಅಂತೀನಿ. ಬಾರೆ ಮಾಂದಾ, ನನ್ನ ಮಗನ್ನ ತೋರಿಸ್ತೀನಿ."

*

ಕ್ಯಾಥೊಲಿಕ್ ಸ್ಮಶಾನದ ನಡುವೆ ಒಂದು ದೊಡ್ಡ ಶಿಲುಬೆ ಇದೆ. ಸಮಾಧಿ ಇಲ್ಲದವರ ಮೇಣದಬತ್ತಿಗಳೆಲ್ಲ ಅದರ ಬುಡದಲ್ಲಿ. ಹಿಂದೆ ಅಲ್ಲಿ ಸಮುದ್ರದಲ್ಲಿ ಮುಳುಗಿದವರಿಗೆ, ಅಮೆರಿಕಕ್ಕೆ ಹೋಗಿ ಸತ್ತವರಿಗೆ ಒಂದೆರಡು ಉರಿಯುತ್ತಿದ್ದವಂತೆ. ಆ ದಿನ ಬುಡವೇ ಕಾಣುತ್ತಿರಲಿಲ್ಲ. ಹೆಂಗಸರು ಸಾಲುಗಟ್ಟಿ ಬಾಗುತ್ತಿದ್ದರು, ಕಡ್ಡಿ ಗೀರುತ್ತಿದ್ದರು, ಗಾಳಿಗೆ ಆರಿದ್ದನ್ನು ಪಕ್ಕದವಳದರಿಂದ ಹಚ್ಚಿಕೊಳ್ಳುತ್ತಿದ್ದರು. ಮಾಂದಾ ತನ್ನ ಕುಂಡ ಇಡಲು ಜಾಗವಿಲ್ಲದೆ ಅದನ್ನು ಹಿಡಿದೇ ನಿಂತಿದ್ದಳು. ಕೊನೆಗೆ ಬತ್ತಿ ಮಾತ್ರ ಹಚ್ಚಿಟ್ಟು, ಕುಂಡದ ಸಮೇತ ಬೇಲಿಯ ಗೇಟು ದಾಟಿ ಈಚೆಯ ಸೆರ್ಬಿಯನ್ ಸ್ಮಶಾನಕ್ಕೆ ಬಂದಳು. ಈಚೆಯ ಜನ ತಿರುಗಿ ನೋಡಿದರು. ನೀಲಿ ಟೋಪಿಯವರು ನೆಟ್ಟಗಾದರು. ಅಮ್ಮ ಅವಳ ಕೈ ಹಿಡಿದುಕೊಂಡಳು. ಎಲ್ಲರೂ ಮತ್ತೆ ತಮ್ಮ ತಮ್ಮ ಗೋಧಿ, ದ್ರಾಕ್ಷಾರಸದ ಕಡೆ ತಿರುಗಿದರು.

ವೋಯಿನ್ ರಾಶೆತಾ ಎಂಬ ಹೆಸರು, ಹುಟ್ಟಿದ ಮತ್ತು ಸತ್ತ ಇಸವಿ, ಅಡ್ಡಪಟ್ಟಿಯ ಶಿಲುಬೆ. ಅಕ್ಷರ ಕೊರೆದವನು ಒಸ್ತೋಯಾನೇ. ಅಮ್ಮ ಸಮಾಧಿಯ ಮೇಲೆ ಕೆಂಪು ದ್ರಾಕ್ಷಾರಸವನ್ನು ಶಿಲುಬೆಯಾಕಾರದಲ್ಲಿ ಸುರಿದಳು, ಒಂದು ಚಮಚ ಗೋಧಿ ಇಟ್ಟಳು.

"ನನ್ನ ಮಗನಿಗೆ ಇಂಥ ಮಣ್ಣೂ ಇಲ್ಲ, ಆ ವರ್ಷದಿಂದ ಸುದ್ದಿಯೇ ಇಲ್ಲ," ಎಂದಳು ಮಾಂದಾ. ದೂರಿದಂತಿರಲಿಲ್ಲ. "ಇಡ್ಲಾ ಇದನ್ನ?"

"ಇಡು. ನಿನ್ನ ಮಗನ ಹೆಸರೂ ಹೇಳಿ ಇಡು."

ಮಾಂದಾ ಮೊಣಕಾಲೂರಿ ಕುಂಡವನ್ನು ತಲೆಯ ಕಡೆ ಇಟ್ಟು ಎಲೆ ಸರಿಪಡಿಸಿದಳು. "ಪಾವೊ," ಎಂದಳು. ಆಮೇಲೆ ಸಮಾಧಿಯವನಿಗೆ ಹೇಳುವಂತೆ, "ನಿನಗೆ ಅಲ್ಲೆಲ್ಲಾದ್ರೂ ಸಿಕ್ಕಿದ್ರೆ ಹೇಳಪ್ಪ ಅವನಿಗೆ, ಅಮ್ಮ ಮನೆಗೆ ಬರ್ತಾ ಇದಾಳೆ ಅಂತ. ಎತ್ತರ ಇದಾನೆ. ಕೈಗವಸಿನ ಹೆಬ್ಬೆರಳು ಕೆಂಪು. ಶಾಲೇಲಿ ಬೇರೆಯವರದರ ಜೊತೆ ಸೇರ್ಕೊಳ್ದೆ ಇರ್ಲಿ ಅಂತ ಹಾಗೆ ಹೆಣೀತಿದ್ದೆ, ದೊಡ್ಡವನಾದ ಮೇಲೂ ಹಾಗೇ ಬೇಕು ಅಂತಿದ್ದ, ಕತ್ತೆ."

ಒಸ್ತೋಯಾ ಹಿಂದೆ ನಿಂತಿದ್ದ. ಅಮ್ಮನ ತಲೆವಸ್ತ್ರದ ಗಂಟು, ಮಾಂದಾಳ ಬಾಗಿದ ಬೆನ್ನು, ಇಬ್ಬರ ಬೂಟಿಗೆ ಅಂಟಿದ ಒಂದೇ ಮಣ್ಣು ಅವನಿಗೆ ಕಾಣುತ್ತಿತ್ತು. ಬಾಯಿ ತೆರೆದ. ಅಮ್ಮ ತಿರುಗಿ ಅವನತ್ತ ಚಮಚ ಚಾಚಿದಳು. ಅವನು ಗೋಧಿ ಬಾಯಿಗೆ ಹಾಕಿಕೊಂಡ.

*

ಮಧ್ಯಾಹ್ನ ಅವನು ಶಾಲೆಗೆ ಹೋದ. ಭೇಟಿಯ ದಿನಗಳಲ್ಲಿ ಅಲ್ಲಿ ಕಾಣೆಯಾದವರ ಮೇಜು ಹಾಕುತ್ತಿದ್ದರು. ಒಬ್ಬ ವಿದೇಶಿ ಅಧಿಕಾರಿ, ಪಕ್ಕದಲ್ಲಿ ದುಭಾಷಿ ಹುಡುಗಿ, ಮುಂದೆ ದಪ್ಪ ಪುಸ್ತಕ. ಹೆಂಗಸರಿಗೆ ಹೇಳಲಾಗದಿದ್ದರೆ ಪುಸ್ತಕಕ್ಕಾದರೂ ಹೇಳಬಹುದು ಎಂದು ಅವನ ಲೆಕ್ಕ. ಹೆಸರಿಲ್ಲದೆಯೂ ಹೇಳಬಹುದೆಂದು ಗೋಡೆಯ ಮೇಲೆ ಬರೆದಿತ್ತು.

"ಯಾರನ್ನ ಹುಡುಕ್ತಿದೀರಿ?" ಎಂದಳು ಹುಡುಗಿ.

ಹುಡುಕುತ್ತಿಲ್ಲ, ಸಿಕ್ಕಿದವನ ವಿಷಯ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ನನ್ನ ತಮ್ಮನ್ನ. ವೋಯಿನ್ ರಾಶೆತಾ."

ಅವಳು ಪುಟ ತಿರುವಿದಳು, ಬೆರಳು ಇಳಿಸಿದಳು, ನಿಲ್ಲಿಸಿದಳು. "ಇಲ್ಲಿದೆ. ತೊಂಬತ್ತೆರಡು ಏಪ್ರಿಲ್, ಸಿಕ್ಕಿದ್ದಾರೆ. ಗುರುತು ಹಿಡಿದವರು ಅಣ್ಣ. ಇದೇ ಊರಲ್ಲಿ ಸಮಾಧಿ." ತಲೆಯೆತ್ತಿ ನೋಡಿದಳು. "ಅಣ್ಣ ಅಂದ್ರೆ ನೀವೇ ಅಲ್ವಾ?"

ಆ ಸಾಲಿನ ಮೇಲೆ ಒಂದು ಗೀಟು ಎಳೆದಿತ್ತು. ಹುಡುಕಬೇಕಾದವರ ಪಟ್ಟಿಯಿಂದ ಹೊಡೆದುಹಾಕಿದ ಗೀಟು. ಐದು ವರ್ಷಗಳಲ್ಲಿ ಒಸ್ತೋಯಾನಿಗೆ ಇದೊಂದು ಹೊಳೆದೇ ಇರಲಿಲ್ಲ. ವೋಯಿನ್ ಎಲ್ಲೋ ಇದ್ದಾನೆ, ಯಾವುದೋ ಹೊಲದಲ್ಲಿ, ಯಾವುದೋ ಗುಂಡಿಯಲ್ಲಿ, ಎಡಗೈಗೆ ಮೂರು ಬೆರಳಿಟ್ಟುಕೊಂಡು. ಅವನನ್ನು ಈ ಭೂಮಿಯ ಮೇಲೆ ಯಾರೂ ಹುಡುಕುತ್ತಿಲ್ಲ. ಹುಡುಕುವುದನ್ನು ನಿಲ್ಲಿಸಿದವನು ಅವನ ಅಣ್ಣ.

"ಸರ್?"

"ಹೌದು, ನಾನೇ," ಎಂದ. "ತಪ್ಪಾಯ್ತು. ಬೇರೆ ಮೇಜು ಅಂದ್ಕೊಂಡೆ."

"ಪರವಾಗಿಲ್ಲ," ಎಂದಳು ಹುಡುಗಿ ಮೆಲ್ಲಗೆ. ದುಃಖದಲ್ಲಿ ತಲೆ ಕೆಟ್ಟವರನ್ನು ದಿನವೂ ನೋಡುವವಳು. ಅವನ ಹಿಂದೆ ನಿಂತಿದ್ದ ಮುದುಕ ಟೋಪಿ ತೆಗೆದು ಮುಂದೆ ಬಂದ.

ಸಂಜೆ ಬಸ್ಸು ಹೋದ ಮೇಲೆ ಅಮ್ಮ ಹಾಸಿಗೆ ಕಟ್ಟುತ್ತಿದ್ದಳು. ಒಸ್ತೋಯಾ ಹಗ್ಗದ ಇನ್ನೊಂದು ತುದಿ ಹಿಡಿದ.

"ಅಮ್ಮ, ಅವನನ್ನ ಇಲ್ಲೇ ಬಿಡೋಣ."

"ಯಾರನ್ನ?"

"ಮಣ್ಣಲ್ಲಿರೋನನ್ನ ಯಾಕೆ ಅಲ್ಲಾಡಿಸಬೇಕು? ಮಾಂದಾ ಇರ್ತಾಳೆ. ಅವಳು ನೋಡ್ಕೋತಾಳೆ. ನೀನೇ ನೋಡಿದ್ಯಲ್ಲ, ಹೂವಿಟ್ಟಳು."

"ಒಳ್ಳೆ ಹೆಂಗಸು," ಎಂದಳು ಅಮ್ಮ. ಗಂಟು ಬಿಗಿದಳು. "ನಿಮ್ಮಪ್ಪನ್ನ ಗ್ರಬೊವಾದಲ್ಲಿ ಬಿಟ್ಟು ಬಂದೆ. ಅವನ ಎದೆ ಮೇಲೆ ಈಗ ಯಾರ ದನ ಮೇಯ್ತಿದೆಯೋ. ಒಂದು ಸಲ ಬಿಟ್ಟು ಬಂದವಳು ನಾನು. ಇನ್ನೊಂದು ಸಲ ಬಿಟ್ಟು ಹೋಗು ಅಂತೀಯಾ?"

"ಹಾಗಲ್ಲ..."

"ಹೋಗೋದಾದ್ರೆ ಮೂರು ಜನ ಹೋಗೋದು. ಇಲ್ದಿದ್ರೆ ನನ್ನನ್ನೂ ಇಲ್ಲೇ ಹೂಳು."

ಅವನು ಹಗ್ಗ ಬಿಟ್ಟ. ಅವಳು ಹಾಸಿಗೆಯ ಮೇಲೆ ಕೂತಳು. ಬಹಳ ಹೊತ್ತು ತನ್ನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಿಂದ ಅದರ ಬೆರಳುಗಳನ್ನು ಸವರುತ್ತಿದ್ದಳು.

"ಆವತ್ತು ನಾನು ಅವನ ಕೈ ನೋಡಬೇಕು ಅಂತಿದ್ದೆ," ಎಂದಳು. "ಬರೋ ಹೊತ್ತಿಗೆ ನೀನು ಮೊಳೆ ಹೊಡೆದುಬಿಟ್ಟಿದ್ದೆ."

ಒಸ್ತೋಯಾ ಬಿಟ್ಟ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡ.

"ಒಳ್ಳೇದೇ ಮಾಡಿದೆ," ಎಂದಳು ಅಮ್ಮ. "ದೀಪ ಆರಿಸು."

*

ಸೋಮವಾರ ಬೆಳಿಗ್ಗೆ ಮಂಜು ಬಿದ್ದಿತ್ತು. ಗುಂಡಿ ತೋಡುವ ಲಾಜೊ ಗುದ್ದಲಿಯ ಹಿಡಿಗೆ ಆತು ನಿಂತು ಸಿಗರೇಟು ಸೇದುತ್ತಿದ್ದ. "ಮೂವತ್ತು ವರ್ಷ ಜನರನ್ನ ಒಳಗೆ ಹಾಕ್ದೆ. ಈಗ ಎಲ್ಲಾ ಹೊರಗೆ ಬರ್ಬೇಕು ಅಂತಾರೆ. ಇವರಿಗೂ ಪಾಸ್‌ಪೋರ್ಟ್ ಬೇಕೇನೋ ಪಾಪ." ಯಾರೂ ನಗದ್ದು ನೋಡಿ ಉಗುಳಿ ಅಗೆಯತೊಡಗಿದ.

ಬಿಳಿ ಜೀಪಿನಲ್ಲಿ ಮಾಂದಾ ಬಂದಳು. ಮನೆಯ ಬೀಗದ ಕೈ ತೆಗೆದುಕೊಳ್ಳಲು ಅವಳಿಗೆ ಹನ್ನೊಂದಕ್ಕೆ ಸಮಯ ಕೊಟ್ಟಿದ್ದರು, ಎಂಟಕ್ಕೇ ಬಂದಿದ್ದಳು. "ಒಬ್ಬಳೇ ನಿಲ್ಲೋ ಕೆಲಸ ಅಲ್ಲ ಇದು," ಎಂದು ಅಮ್ಮನ ತೋಳಿನೊಳಗೆ ತೋಳು ಹಾಕಿ ನಿಂತಳು.

ಸೊಂಟದ ಆಳಕ್ಕೆ ಗುದ್ದಲಿ ಮರಕ್ಕೆ ತಾಗಿತು. ಅಮ್ಮ ಮುಖ ತಿರುಗಿಸಿದಳು. ಮಾಂದಾ ಅವಳನ್ನು ಬಿಗಿಯಾಗಿ ಹಿಡಿದು, "ನೋಡು, ನೋಡ್ಬೇಡ ಅನ್ನಲ್ಲ, ನೋಡು. ನಿನ್ನ ಕಣ್ಣಿಗೆ ಬೀಳೋಕೆ ಇದಾನೆ. ಅಷ್ಟಾದ್ರೂ ಇದಾನೆ" ಎನ್ನುತ್ತಿದ್ದಳು.

ಒಸ್ತೋಯಾ ಗುಂಡಿಗಿಳಿದು ಕೈಯಿಂದಲೇ ಮಣ್ಣು ಬಳಿದ. ಓಕ್ ಕಪ್ಪಾಗಿತ್ತು, ಸಡಿಲವಾಗಿರಲಿಲ್ಲ. ಎಲುಬುಗಳನ್ನು ಸತುವಿನ ಪೆಟ್ಟಿಗೆಗೆ ಸುರಿಯಬೇಕಾಗಬಹುದೆಂದು ಬಂದಿದ್ದ ಆರೋಗ್ಯ ಇಲಾಖೆಯವನು ಬಗ್ಗಿ ತಟ್ಟಿ ನೋಡಿದ. "ತೆರೆಯೋದು ಬೇಡ. ಹೀಗೇ ಒಯ್ಯಬಹುದು. ಯಾರ್ರೀ ಮಾಡಿದ್ದು? ಇನ್ನೂ ಇಪ್ಪತ್ತು ವರ್ಷ ಏನೂ ಆಗಲ್ಲ."

"ಮರ ನಮ್ಮ ಯಜಮಾನರದು," ಎಂದಳು ಮಾಂದಾ ಮೇಲಿನಿಂದ. ಅವಳ ಧ್ವನಿಯಲ್ಲಿ ಒಂದು ಬಗೆಯ ಹೆಮ್ಮೆ ಇತ್ತು.

ಹಗ್ಗ ಎಳೆಯಲು ನಾಲ್ಕು ಜನ ಬೇಕಿತ್ತು. ಲಾಜೊ, ಒಸ್ತೋಯಾ, ಇಲಾಖೆಯವನು. ನಾಲ್ಕನೆಯ ತುದಿ ಹಿಡಿಯಲು ಜೀಪಿನ ಸೈನಿಕ ಬಂದೂಕನ್ನು ಬೆನ್ನಿಗೆ ತಿರುಗಿಸಿ ಬಂದ. ಪೆಟ್ಟಿಗೆ ಮೇಲೆ ಬಂದು ಹುಲ್ಲಿನ ಮೇಲೆ ಕೂತಿತು. ಅಮ್ಮ ಅದರ ಮೇಲೆ ಬಿದ್ದು ಅಳಲಿಲ್ಲ; ಒಂದು ಪಕ್ಕದಲ್ಲಿ ಕೂತು ಕೈಯಿಟ್ಟಳು. ಮಾಂದಾ ಇನ್ನೊಂದು ಪಕ್ಕದಲ್ಲಿ ಕೂತು, ತನ್ನ ಮಡಿಲ ಬಟ್ಟೆಯ ತುದಿಯಿಂದ ಮುಚ್ಚಳದ ಮಣ್ಣನ್ನು ಒರೆಸತೊಡಗಿದಳು. ನಿಧಾನವಾಗಿ, ಒಂದು ಹಲಗೆಯಾದ ಮೇಲೆ ಇನ್ನೊಂದು, ಮೂಲೆಗಳಲ್ಲಿ ಬೆರಳು ಹಾಕಿ. ಪೂರ್ತಿ ಒರೆಸಿ ಮುಗಿಯುವವರೆಗೆ ಯಾರೂ ಅವಸರ ಮಾಡಲಿಲ್ಲ.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ, ಅದಕ್ಕಿಂತ ಕೆಟ್ಟದ್ದೂ ಇರಲಿಲ್ಲ. ಒಸ್ತೋಯಾ ಹಗ್ಗ ಸುತ್ತುತ್ತ ನಿಂತಿದ್ದ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ.

ಟ್ರ್ಯಾಕ್ಟರಿನ ಹಿಂದಿನ ಗಾಡಿಯಲ್ಲಿ ಹಾಸಿಗೆ, ಬಡಗಿ ಸಾಮಾನು, ಮೆಣಸಿನಕಾಯಿ ಸರ, ಅವುಗಳ ನಡುವೆ ಪೆಟ್ಟಿಗೆ. ಅಮ್ಮ ಅದರ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಳು. ಮಾಂದಾ ಗೇಟಿನವರೆಗೆ ಬಂದು ಒಸ್ತೋಯಾನಿಂದ ಬೀಗದ ಕೈ ತೆಗೆದುಕೊಂಡಳು, ಅವನ ಕೆನ್ನೆಗೆ ಮುತ್ತಿಟ್ಟಳು. "ಅಮ್ಮನ್ನ ಚೆನ್ನಾಗಿ ನೋಡ್ಕೋ ಮಗಾ. ನಮ್ಮ ಪಾವೊ ವಿಷಯ ಯಾರಾದ್ರೂ ಏನಾದ್ರೂ ಅಂದ್ರೆ, ಆಚೆ ಕಡೆ ನಿಮ್ಮೋರ ಬಾಯಲ್ಲಿ ಏನಾದ್ರೂ ಬಂದ್ರೆ, ಒಂದು ಸಾಲು ಬರಿ. ಯಾರು ಮಾಡಿದ್ರು ಅಂತ ನಾನು ಕೇಳಲ್ಲ. ಎಲ್ಲಿ ಅಂತ ಅಷ್ಟೇ."

"ಆಗಲಿ ಚಿಕ್ಕಮ್ಮ," ಎಂದ.

ಸೇತುವೆಯ ಈ ತುದಿಯಲ್ಲಿ ಕಾಗದ ನೋಡಿದರು, ಆ ತುದಿಯಲ್ಲಿ ಮತ್ತೆ ನೋಡಿದರು. ಪೆಟ್ಟಿಗೆಯ ಕಾಗದ ಓದಿದವನು, "ಸಂಬಂಧ?" ಎಂದ. "ತಮ್ಮ," ಎಂದ ಒಸ್ತೋಯಾ. ಕೆಳಗೆ ಹೊಳೆ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಹರಿಯುವ ಸದ್ದು ಮಾತ್ರ ಇತ್ತು.

ಪೆಟ್ಟಿಗೆಯನ್ನು ಅಮ್ಮನ ತಂಗಿಯ ಊರಿನ ಸ್ಮಶಾನದಲ್ಲಿ ಮತ್ತೆ ಮಣ್ಣು ಮಾಡಿದರು. ಮಾಂದಾ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದಳು. ಬೀರುವನ್ನು ಇನ್ನೂ ಅಲ್ಲೇ ಇಟ್ಟಿದ್ದಾಳೆ, ಗಾಳಿ ನಿಜವಾಗಿಯೂ ನುಗ್ಗುತ್ತಿತ್ತು, ಬೆಟ್ಟದವರು ಹೇಳಿದ್ದು ಸುಳ್ಳಲ್ಲ. ತನ್ನ ರಕ್ತ ತೆಗೆದುಕೊಂಡಿದ್ದಾರೆ, ಸಿಕ್ಕ ಎಲುಬುಗಳ ಜೊತೆ ಹೊಂದಿಸಿ ನೋಡುತ್ತಾರಂತೆ, ಇನ್ನೂ ಯಾವುದೂ ಹೊಂದಿಲ್ಲ. ಒಸ್ತೋಯಾ ಅದನ್ನು ಅಮ್ಮನಿಗೆ ಗಟ್ಟಿಯಾಗಿ ಓದುತ್ತಿದ್ದ. ಅಮ್ಮ ಪೂರ್ತಿ ಕೇಳಿ, ಎದ್ದು ಸ್ಮಶಾನಕ್ಕೆ ಹೋಗುತ್ತಿದ್ದಳು. ಆರನೆಯ ವರ್ಷ ಅಮ್ಮ ತೀರಿಕೊಂಡಳು. ಅವಳ ಇಚ್ಛೆಯಂತೆ ಆ ಪೆಟ್ಟಿಗೆಯ ಪಕ್ಕದಲ್ಲೇ ಮಣ್ಣು ಮಾಡಿದರು. ಇನ್ನು ಯಾರ ಜೀವ ಉಳಿಸುವ ನೆಪವೂ ಇರಲಿಲ್ಲ. ಒಸ್ತೋಯಾ ಮಾಂದಾಳಿಗೆ ಸಾವಿನ ಸುದ್ದಿ ಬರೆದ. ಇನ್ನೊಂದು ಸಾಲಿಗೆಂದು ಕಾಗದದಲ್ಲಿ ಜಾಗ ಬಿಟ್ಟು, ಎರಡು ದಿನ ಮೇಜಿನ ಮೇಲಿಟ್ಟು, ಹಾಗೆಯೇ ಮಡಿಸಿ ಅಂಚೆಗೆ ಹಾಕಿದ.

ಅವಳ ಉತ್ತರ ಬಂತು. "ತಾಯಿ ಮಗ ಈಗ ಒಂದೇ ಕಡೆ ಸೇರಿದರು. ಎಲ್ಲರಿಗೂ ಆ ಭಾಗ್ಯ ಇರುವುದಿಲ್ಲ. ಅವಳ ಮೇಲೂ ನನ್ನ ಹೆಸರಲ್ಲಿ ಒಂದು ಬತ್ತಿ ಹಚ್ಚು ಮಗಾ, ಅವನ ಮೇಲೂ."

ಅವನು ಎರಡೂ ಹಚ್ಚಿದ. ಆ ಓಕ್ ಪೆಟ್ಟಿಗೆಯಲ್ಲಿರುವವನು ಪಾವೊ ಎಂದು ಒಸ್ತೋಯಾ ಮಾಂದಾಳಿಗೆ ಎಂದೂ ಹೇಳಲಿಲ್ಲ.